ರಾಡ್ ಹೊಸದು, ಸರಿ. ಲೈನ್ ಯಾವುದು?

ಫ್ಲೈ ಫಿಶಿಂಗ್‌ಗೆ ಹೊಸ ರಾಡ್, ಅಂದರೆ ಗಾಳದ ಕೋಲು, ಬಂತು. 9 ಅಡಿ, 4 ತುಂಡು, 5 ವೇಟ್, ಫಾಸ್ಟ್ ಆಕ್ಷನ್ (ಅಂದರೆ ಬಿರುಸು, ಸುಲಭಕ್ಕೆ ಬಾಗದ್ದು). ಜಾಹೀರಾತಿನ ಪ್ರಕಾರ ಇದು ಹಿಂದಿನ ಮಾಡೆಲ್‌ಗಿಂತ ಹಗುರ, ಗಟ್ಟಿ, ಇನ್ನೂ ದೂರ ಎಸೆಯುತ್ತದೆ. ಹಿಂದಿನ ಮಾಡೆಲ್ ಬಂದಾಗಲೂ ಇದೇ ಮೂರು ಮಾತು ಹೇಳಿದ್ದರು, ಅದು ಬೇರೆ ವಿಷಯ. ರಾಡ್ ಚೆನ್ನಾಗೇ ಇದೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇದನ್ನು ಹಿಡಿದು ನದಿಗಿಳಿದ ಮೇಲೆ ನನ್ನ ಹಳೆಯ ಅನುಮಾನ ಇನ್ನೂ ಗಟ್ಟಿಯಾಯಿತು: ನಾವು ದುಡ್ಡು, ಮಾತು ಎರಡನ್ನೂ ರಾಡ್ ಮೇಲೆ ಸುರಿಯುತ್ತೇವೆ, ಕೆಲಸ ಮಾಡುವುದು ಮಾತ್ರ ಅದರ ಮುಂದಿರುವ ದಾರ, ಅಂದರೆ ಲೈನ್.

ಫ್ಲೈ ಫಿಶಿಂಗ್ ಗೊತ್ತಿಲ್ಲದವರಿಗೆ ಸ್ವಲ್ಪ ವಿವರಣೆ. ಮಾಮೂಲಿ ಗಾಳದಲ್ಲಿ ತುದಿಗೆ ತೂಕ ಇರುತ್ತದೆ, ಬೀಸಿದರೆ ದಾರ ಅದರ ಹಿಂದೆ ಓಡುತ್ತದೆ. ಇಲ್ಲಿ ತುದಿಯಲ್ಲಿರುವುದು ಕೊಕ್ಕೆಗೆ ಗರಿ, ತುಪ್ಪಳ ಸುತ್ತಿ ಮಾಡಿದ ಹುಳ. ಅದನ್ನೇ ಫ್ಲೈ ಅನ್ನುವುದು. ಅದಕ್ಕೆ ತೂಕವೇ ಇಲ್ಲ ಅನ್ನಬಹುದು, ಹಾಗೇ ಎಸೆದರೆ ಕಾಲ ಬುಡದಲ್ಲೇ ಬೀಳುತ್ತದೆ. ಅದಕ್ಕೇ ಲೈನನ್ನು ದಪ್ಪ ಮಾಡಿ ತೂಕವನ್ನು ಅದಕ್ಕೆ ಕೊಟ್ಟಿದ್ದಾರೆ. ಲೈನ್ ಹೋದ ಕಡೆ ಫ್ಲೈ ಹೋಗುತ್ತದೆ.

ರಾಡ್ ಮೇಲಿನ 5 ಅನ್ನುವ ನಂಬರ್ ಕೂಡ ಲೈನಿನದೇ. 5 ವೇಟ್ ಲೈನಿನ ಮೊದಲ 30 ಅಡಿ 140 ಗ್ರೇನ್ ತೂಗಬೇಕು ಅನ್ನುವುದು ಎಲ್ಲರೂ ಒಪ್ಪಿಕೊಂಡ ಅಳತೆ, ಅಂದರೆ ಸುಮಾರು 9 ಗ್ರಾಂ. 6 ವೇಟ್ ಆದರೆ 160 ಗ್ರೇನ್. ಆದರೆ ಈಗ ಸಿಗುವ ಎಷ್ಟೋ ಲೈನ್‌ಗಳ ಡಬ್ಬಿ ಮೇಲೆ 5 ಅಂತ ಇದ್ದರೂ ಒಳಗಿರುವುದು ಅರ್ಧ ಸೈಜ್ ಭಾರ, ಕೆಲವಂತೂ ಪೂರ್ತಿ ಒಂದು ಸೈಜ್. ಯಾಕೆ ಅಂದರೆ ರಾಡ್‌ಗಳು ವರ್ಷದಿಂದ ವರ್ಷಕ್ಕೆ ಬಿರುಸಾಗುತ್ತಾ ಬಂದವು. ಬಿರುಸಾದ ರಾಡ್ ಹತ್ತಿರದ ಎಸೆತಕ್ಕೆ ಬಾಗುವುದಿಲ್ಲ, ಅದನ್ನು ಬಾಗಿಸಲು ಲೈನನ್ನು ಭಾರ ಮಾಡಿದರು. 6 ವೇಟ್ ರಾಡಿಗೆ 6 ವೇಟ್ ಲೈನ್ ಹಾಕಿ ಎರಡರ ಮೇಲೂ 5 ಅಂತ ಬರೆದಂತಾಯಿತು, ಅಲ್ವಾ?

ಇದನ್ನು ಕೈಯಲ್ಲೇ ತೋರಿಸಿಕೊಟ್ಟವರು ನದಿ ದಡದಲ್ಲಿ ಸಿಕ್ಕ ಒಬ್ಬ ಹಿರಿಯರು. ಅವರ ಕೈಯಲ್ಲಿದ್ದದ್ದು ಹಳೇ ಫೈಬರ್‌ಗ್ಲಾಸ್ ರಾಡ್, ಹಿಡಿಯ ಕಾರ್ಕ್ ಕಪ್ಪಾಗಿ ಹೆಬ್ಬೆರಳಿನ ಜಾಗದಲ್ಲಿ ಗುಳಿ ಬಿದ್ದಿತ್ತು. ನಾನು ಎಸೆಯುವುದನ್ನು ಸ್ವಲ್ಪ ಹೊತ್ತು ನೋಡಿ, “ರಾಡ್ ಜೋರಾಗಿದೆ. ಲೈನ್ ಯಾವುದು ಹಾಕಿದ್ದೀರಿ?” ಎಂದರು. ಹೇಳಿದೆ. “ಅದು ಹೆಸರಿಗೆ ಐದು. ನನ್ನದು ಹಾಕಿ ನೋಡಿ,” ಎಂದು ಲೈನ್ ಸುತ್ತಿದ್ದ ತಮ್ಮ ರೀಲ್ ಬಿಚ್ಚಿ ಕೊಟ್ಟೇಬಿಟ್ಟರು.

ನನ್ನ ಲೈನಿನಲ್ಲಿ ರಾಡ್ ಬೇಗ ಬಾಗುತ್ತಿತ್ತು, ಎಸೆತ ಸಲೀಸು, ಆದರೆ ನಿಂತ ನೀರಿನ ಮೇಲೆ ಲೈನ್ ಬಿದ್ದಾಗ ಸಣ್ಣಗೆ ಪಟ್ ಅನ್ನುತ್ತಿತ್ತು. ಅವರ ಲೈನ್ ಹಾಗಲ್ಲ. ಅದು ಹಿಂದಕ್ಕೆ ಹೋಗಿ, ಗಾಳಿಯಲ್ಲಿ ಮಡಚಿದ ಲೂಪ್ ಬಿಚ್ಚಿಕೊಂಡು ನೆಟ್ಟಗಾಗುವವರೆಗೆ ಕಾಯಲೇಬೇಕು. “ತಿರುಗಿ ನೋಡಿ, ಹಿಂದೆ ಏನಾಗ್ತಿದೆ ನೋಡದೆ ಮುಂದೆ ಎಸೆದ್ರೆ ಹೇಗೆ?” ಎಂದರು. ಕತ್ತು ತಿರುಗಿಸಿ ನೋಡಿದರೆ ಲೈನ್ ಉದ್ದವಾದಷ್ಟೂ ಕಾಯುವ ಹೊತ್ತು ಜಾಸ್ತಿಯಾಗುವುದು ಕಣ್ಣಿಗೇ ಕಾಣುತ್ತದೆ. ಹಾಗೆ ಕಾದು ಎಸೆದಾಗ ಫ್ಲೈ ನೀರಿಗೆ ತಾಗಿದ್ದು ಕೇಳಿಸಲೇ ಇಲ್ಲ. ರಾಡ್ ಅದೇ, ಕೈ ಅದೇ.

ಲೈನಿನ ಮುಂದೆ ಲೀಡರ್ ಅನ್ನುವ ತೆಳು ದಾರ, ಅದರ ತುದಿಗೆ ಫ್ಲೈ ಕಟ್ಟುವ ಇನ್ನೂ ತೆಳುವಾದ ಟಿಪೆಟ್. ಟಿಪೆಟ್ ರೋಲ್ ಮೇಲೆ 4ಎಕ್ಸ್, 5ಎಕ್ಸ್ ಅಂತೆಲ್ಲ ಇರುತ್ತದಲ್ಲ, ಅದಕ್ಕೊಂದು ಸುಲಭದ ಲೆಕ್ಕವಿದೆ: 11ರಿಂದ ಆ ನಂಬರ್ ಕಳೆಯಿರಿ, ಉಳಿದದ್ದು ಇಂಚಿನ ಸಾವಿರದ ಭಾಗದಲ್ಲಿ ದಪ್ಪ. 5ಎಕ್ಸ್ ಅಂದರೆ 0.006 ಇಂಚು. ಇಷ್ಟು ತೆಳುವಾದ ದಾರಕ್ಕೆ ಗಂಟು ಹಾಕಿ, ಬಿಗಿಯುವ ಮುಂಚೆ ಎಂಜಲು ಹಚ್ಚದಿದ್ದರೆ ಉಜ್ಜಿದ ಬಿಸಿಗೇ ದಾರ ಸೊರಗುತ್ತದೆ. ಫ್ಲೋರೋಕಾರ್ಬನ್ ಟಿಪೆಟ್ ಬಗ್ಗೆ ತುಂಬ ಹೊಗಳಿಕೆ ಕೇಳುತ್ತೇವೆ. ಅದು ನೈಲಾನ್‌ಗಿಂತ ಸಾಂದ್ರ, ಮುಳುಗುತ್ತದೆ, ನೀರೊಳಗೆ ಬಿಡುವ ನಿಂಫ್ ಅನ್ನುವ ಫ್ಲೈಗೆ ಒಳ್ಳೆಯದು. ತೇಲುವ ಡ್ರೈ ಫ್ಲೈಗೆ ನನಗೆ ನೈಲಾನೇ ಸಾಕು. ಮತ್ತೆ, ಫ್ಲೋರೋಕಾರ್ಬನ್ ಬೇಗ ಕೊಳೆಯುವುದಿಲ್ಲ, ಕತ್ತರಿಸಿದ ಚೂರನ್ನು ದಯವಿಟ್ಟು ಜೇಬಿಗೆ ಹಾಕಿಕೊಳ್ಳಿ.

ಫ್ಲೈ ಕಟ್ಟುವ ಒಬ್ಬ ಅಕ್ಕನ ಪರಿಚಯವೂ ಇತ್ತೀಚೆಗೆ ಆಯಿತು. ಅವರು ಹುಂಜದ ಗರಿಯನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಬಾಗಿಸಿ, ಎಳೆಗಳ ಉದ್ದವನ್ನು ಕೊಕ್ಕೆಯ ಅಗಲಕ್ಕೆ ಹೋಲಿಸಿ ನೋಡಿ ಆಮೇಲೇ ಸುತ್ತಲು ಶುರು ಮಾಡುತ್ತಾರೆ. 2011ರ ಮಾತು ತೆಗೆದರೆ ಈಗಲೂ ಅವರಿಗೆ ಸಿಟ್ಟು. ಆ ವರ್ಷ ಅಮೆರಿಕದಲ್ಲಿ ತಲೆಕೂದಲಿಗೆ ಗರಿ ಸಿಕ್ಕಿಸಿಕೊಳ್ಳುವ ಫ್ಯಾಷನ್ ಎದ್ದಿತ್ತು. ಅಮೆರಿಕನ್ ಐಡಲ್ ಅನ್ನುವ ಟಿವಿ ಹಾಡಿನ ಸ್ಪರ್ಧೆಯ ಜಡ್ಜ್ ಸೀಟಿನಲ್ಲಿ ಕೂತ ಗಾಯಕ ಸ್ಟೀವನ್ ಟೈಲರ್ ತಲೆಯಲ್ಲೂ ಅದೇ. ಫ್ಲೈಗೆಂದೇ ತಳಿ ಮಾಡಿದ ಹುಂಜಗಳ ಉದ್ದನೆಯ ಗರಿ ಬ್ಯೂಟಿ ಪಾರ್ಲರ್‌ಗಳ ಪಾಲಾಯಿತು, ಅಂಗಡಿಗಳು ಖಾಲಿ, ಬೆಲೆ ಆಕಾಶಕ್ಕೆ. “ಹುಂಜ ಬೆಳೆಯೋಕೆ ಒಂದು ವರ್ಷ ಬೇಕು, ಫ್ಯಾಷನ್‌ಗೆ ಒಂದು ವಾರ ಸಾಕು,” ಅಂತಾರೆ.

ಟಿವಿ, ಸಿನಿಮಾ ಈ ಹವ್ಯಾಸವನ್ನು ಅಲುಗಾಡಿಸಿದ್ದು ಅದೇ ಮೊದಲೇನಲ್ಲ. 1992ರಲ್ಲಿ ಬಂದ ‘ಎ ರಿವರ್ ರನ್ಸ್ ಥ್ರೂ ಇಟ್’ ನೋಡಿ ರಾಡ್ ಹಿಡಿದವರು ಲೆಕ್ಕವಿಲ್ಲದಷ್ಟು. ಕತೆ ನಡೆಯುವುದು ಮೊಂಟಾನಾದ ಬ್ಲ್ಯಾಕ್‌ಫುಟ್ ನದಿಯಲ್ಲಿ, ಮೀನು ಹಿಡಿಯುವ ದೃಶ್ಯಗಳನ್ನು ಹೆಚ್ಚಾಗಿ ತೆಗೆದದ್ದು ಗ್ಯಾಲಟಿನ್ ಅನ್ನುವ ಇನ್ನೊಂದು ನದಿಯಲ್ಲಿ. ತಲೆಯ ಮೇಲೆ ಲೈನ್ ತೇಲಾಡುವ ಆ ದೊಡ್ಡ ಎಸೆತ ನಟರದ್ದಲ್ಲ, ಜೇಸನ್ ಬೋರ್ಗರ್ ಅನ್ನುವವರ ಕೈಚಳಕ. ನೋಡಲು ಅದ್ಭುತ. ಆದರೆ ನನಗೆ ಸಿಗುವ ಟ್ರೌಟ್ ಮೀನುಗಳಲ್ಲಿ ಮುಕ್ಕಾಲು ಪಾಲು 30 ಅಡಿ ಒಳಗೇ ಇರುತ್ತವೆ.

ಈಗಿನ ವಿಡಿಯೋಗಳದ್ದು ಬೇರೆ ಕಾಟ. ವಾಪಸ್ ನೀರಿಗೆ ಬಿಡಬೇಕಾದ ಮೀನನ್ನು ಎತ್ತಿ ಹಿಡಿದು ನಗುವುದು, ಫೋಟೋ, ಇನ್ನೊಂದು ಆ್ಯಂಗಲ್, ಇನ್ನೊಂದು ಸಲ. ಆ ಸಿನಿಮಾ ಬಂದ 1992ರಲ್ಲೇ ಕೆನಡಾದ ಇಬ್ಬರು ಸಂಶೋಧಕರು ರೇನ್‌ಬೋ ಟ್ರೌಟ್‌ಗಳನ್ನು ಪೂರ್ತಿ ದಣಿಸಿ ನೋಡಿದರು. ಬರೀ ದಣಿದವುಗಳಲ್ಲಿ 12 ಶೇಕಡಾ ಸತ್ತವು. ಆಮೇಲೆ 30 ಸೆಕೆಂಡ್ ಗಾಳಿಯಲ್ಲಿ ಇಟ್ಟವುಗಳಲ್ಲಿ 38, ಒಂದು ನಿಮಿಷ ಇಟ್ಟವುಗಳಲ್ಲಿ 72. ಅದು ಲ್ಯಾಬ್, ನದಿಯಲ್ಲಿ ನಡೆದ ಆಮೇಲಿನ ಅಧ್ಯಯನಗಳಲ್ಲಿ ಇಷ್ಟೊಂದು ಸಾಯಲಿಲ್ಲ, ನಿಜ. ಹಾಗಂತ ಸುಮ್ನೆ ಯಾಕೆ ಪರೀಕ್ಷೆ ಮಾಡಬೇಕು? ಮುಳ್ಳಿಲ್ಲದ ಕೊಕ್ಕೆ, ಒದ್ದೆ ಕೈ, ಬಲೆ ನೀರಲ್ಲೇ. ಫೋಟೋ ಬೇಕೇ ಬೇಕು ಅಂದರೆ ಮೀನು ನೀರಲ್ಲಿದ್ದಾಗಲೇ ತೆಗೆಯಿರಿ, ಬಣ್ಣವೂ ಚೆನ್ನಾಗಿ ಬರುತ್ತದೆ. ನೀರು ಬಿಸಿಯಾಗಿ 20 ಡಿಗ್ರಿ ಮುಟ್ಟಿದರೆ ಮೀನಿಗೆ ಕಷ್ಟ ಅಂತ ನಾನಂತೂ ರಾಡ್ ಮಡಚಿ ಹೊರಡುತ್ತೇನೆ.

ಈಗ ನನ್ನ ತಲೆಯಲ್ಲಿ ಕೂತಿರುವುದು ಗ್ಲಾಸ್ ರಾಡ್. 1973ರಲ್ಲಿ ಫೆನ್ವಿಕ್ ಕಂಪನಿ ಗ್ರಾಫೈಟ್ (ಕಾರ್ಬನ್ ಎಳೆಯ) ರಾಡ್ ತಂದ ಮೇಲೆ ಮೂಲೆ ಸೇರಿದ್ದ ಗ್ಲಾಸ್ ಈಗ ಮತ್ತೆ ಚಾಲ್ತಿಗೆ ಬರುತ್ತಿದೆ. ಸಣ್ಣ ಹಳ್ಳಕ್ಕೆ 7 ಅಡಿಯ 3 ವೇಟ್ ಸಾಕು ಅಂದುಕೊಂಡಿದ್ದೇನೆ. ರಾಡ್ ಬೇಕಾದಷ್ಟು ಸಿಗುತ್ತವೆ. ನಾನು ಹುಡುಕುತ್ತಿರುವುದು 3 ಅಂತ ಬರೆದು ನಿಜವಾಗಿಯೂ 100 ಗ್ರೇನ್ ತೂಗುವ ಲೈನ್. ಡಬಲ್ ಟೇಪರ್, ಅಂದರೆ ಎರಡೂ ತುದಿ ಒಂದೇ ಥರ ತೆಳುವಾಗುವ ಲೈನ್, ಆದರೆ ಇನ್ನೂ ವಾಸಿ, ಒಂದು ತುದಿ ಸವೆದರೆ ತಿರುಗಿಸಿ ಹಾಕಿಕೊಳ್ಳಬಹುದು. ಯಾರಾದರೂ ತೂಗಿ ನೋಡಿದ್ದರೆ ಹೇಳಿ, ಡಬ್ಬಿ ಮೇಲಿನ ನಂಬರ್ ನನಗೆ ಬೇಡ.