ಮಳೆ ಬಂದರೆ ತೂಕ ಏರುವ ಗ್ಯಾಸ್ ಸಿಲಿಂಡರ್

ಕೊನೆಗೂ ಕಳ್ಳ ಸಿಕ್ಕಿಬಿದ್ದ! ಒಲೆ ಆರಿಸಿದ ಮೇಲೂ ರಾತ್ರಿಯೆಲ್ಲ, ಸಿಲಿಂಡರಿನ ಅಡಿಗೆ ನಾನೇ ಮಾಡಿಟ್ಟ ಎಲೆಕ್ಟ್ರಾನಿಕ್ ತೂಕದ ಹಲಗೆಯಲ್ಲಿ ತೂಕ ಇನ್ನೂರು ಗ್ರಾಂ ಏರುತ್ತಿದ್ದುದಕ್ಕೆ ಕಾರಣ ವೈರಿನ ಒಂದು ಜಾಯಿಂಟ್.

ಹಲಗೆ, ಕೋಡ್, ಕ್ಯಾಲಿಬ್ರೇಷನ್ ಎಲ್ಲ ಮಾಮೂಲಿ, ಬಿಡಿ. 50 ಕೆಜಿಯ ಲೋಡ್ ಸೆಲ್ (ಭಾರವನ್ನು ವೋಲ್ಟೇಜ್ ಮಾಡುವ ಸೆನ್ಸರ್), ಅದರೊಳಗೆ 350 ಓಮ್‌ನ ನಾಲ್ಕು ರೆಸಿಸ್ಟೆನ್ಸ್ ಸೇರಿದ ಫುಲ್ ಬ್ರಿಜ್, ಪೂರ್ತಿ ಭಾರಕ್ಕೆ ವೋಲ್ಟಿಗೆ 2 ಮಿಲಿವೋಲ್ಟ್, ಅದನ್ನು ಓದಲು ಎಚ್‌ಎಕ್ಸ್711 ಚಿಪ್. 5 ವೋಲ್ಟ್ ಕೊಟ್ಟರೆ ಗ್ರಾಂಗೆ ಸಿಗುವುದು ಬರೀ 0.2 ಮೈಕ್ರೋವೋಲ್ಟ್. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲೇ ನಿಲ್ಲುತ್ತದೆ. ಅದಕ್ಕೇ, ಕಿಡಿ ತಗಲದಿರಲೆಂದು, ಸರ್ಕ್ಯೂಟ್ ಡಬ್ಬಿಯನ್ನು ಗೋಡೆಯ ಮೇಲೆ ಎತ್ತರದಲ್ಲಿಟ್ಟಿದ್ದೇನೆ. ಉದ್ದ ವೈರ್ ಬೇಕಿತ್ತು. ಮುಂಬೈಯ ಲ್ಯಾಮಿಂಗ್ಟನ್ ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರೇ ಬೆಸೆದು ಕೊಟ್ಟರು.

ಕ್ರೀಪ್ (ಭಾರ ಹೊತ್ತೇ ಇದ್ದರೆ ರೀಡಿಂಗ್ ತಾನಾಗಿ ಸರಿಯುವುದು) ಇರಬಹುದೇ? ಕ್ರೀಪ್ ಆದರೆ ಒಂದೇ ದಿಕ್ಕಿಗೆ ಸರಿದು ನಿಧಾನವಾಗಬೇಕು. ಇದು ಮಧ್ಯಾಹ್ನ ಇಳಿದು ರಾತ್ರಿ ಮತ್ತೆ ಏರುತ್ತಿತ್ತು. ಅಮ್ಮ ನೆಲ ಒರೆಸಿದರೂ ಏರುತ್ತಿತ್ತು. ಮುಂಬೈ ಪಕ್ಕದ ನಮ್ಮ ಡೊಂಬಿವಲಿಯ ಜುಲೈ ತಿಂಗಳಲ್ಲಿ ಉಪ್ಪೇ ನೀರೊಡೆಯುತ್ತದೆ, ವೈರಿನ ಪಾಡೇನು?

ಜಾಯಿಂಟಿನ ಮೇಲಿನ ಪ್ಲಾಸ್ಟಿಕ್ ಸ್ಲೀವ್ ಅನ್ನು ಸೀಳಿ ನೋಡಿದೆ. ಒಳಗೆ ಕಂದು ಫ್ಲಕ್ಸ್ (ಬೆಸೆಯುವಾಗ ಹಾಕುವ ಪೇಸ್ಟ್), ಬೆರಳಿಗೆ ಅಂಟುವಷ್ಟು, ವೋಲ್ಟೇಜ್ ಕೊಡುವ ಕೆಂಪು ವೈರಿಂದ ಪಕ್ಕದ ಸಿಗ್ನಲ್ ವೈರಿನವರೆಗೂ ಹರಡಿತ್ತು. ಬಾಯಿ ಹತ್ತಿರ ತಂದು 'ಹಾ' ಎಂದು ಉಸಿರು ಬಿಟ್ಟೆ. ರೀಡಿಂಗ್ ಜಿಗಿಯಿತು. ಉಸಿರಿನ ಬಿಸಿಯೂ ಕಾರಣ ಇರಬಹುದಲ್ವಾ? ಹೇರ್ ಡ್ರೈಯರ್ ಹಿಡಿದೆ. ಬಿಸಿ ಜಾಸ್ತಿಯಾಯಿತು, ರೀಡಿಂಗ್ ಮಾತ್ರ ಇಳಿಯಿತು. ತೇವವೇ! ತೇವ ಹೀರಿದ ಫ್ಲಕ್ಸ್ ಮೂಲಕ ಕರೆಂಟ್ ಸೋರುತ್ತಿತ್ತು.

ಲೆಕ್ಕವೂ ಕೂಡಿಬರುತ್ತದೆ. ಬ್ರಿಜ್‌ನ ಒಂದು ರೆಸಿಸ್ಟೆನ್ಸ್‌ಗೆ ಅಡ್ಡವಾಗಿ 10 ಮೆಗಾಓಮ್ ಸೋರಿಕೆ ಬಂದರೆ ಸುಮಾರು 44 ಮೈಕ್ರೋವೋಲ್ಟ್ ವ್ಯತ್ಯಾಸ, ಅಂದರೆ 220 ಗ್ರಾಂ. ಮಲ್ಟಿಮೀಟರಿಗೆ ಇದು ಕಾಣುವುದೇ ಇಲ್ಲ, 350 ಓಮ್ ಅದನ್ನು ಮುಚ್ಚಿಹಾಕುತ್ತದೆ. ಅಂಗಡಿಯವರಿಗೆ ತೋರಿಸಿದರೆ, ವೈರ್ ಕೂಡಿದೆಯೇ ಎಂದು ಮೀಟರಿನಲ್ಲಿ ನೋಡಿ "ಬೀಪ್ ಬರ್ತಿದೆಯಲ್ಲ" ಎಂದರು. ಫ್ಲಕ್ಸ್ ತೊಳೆಯದೆ ಸ್ಲೀವ್ ಎಳೆದು ಮುಚ್ಚುವ ಈ ಅಭ್ಯಾಸ ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಮೈಕ್ರೋವೋಲ್ಟ್ ಕೆಲಸಕ್ಕೆ ಬೀಪ್ ಸಾಕಾಗುವುದಿಲ್ಲ.

ಜಾಯಿಂಟ್ ಬಿಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದೆ. ನಾಲ್ಕೂ ವೈರನ್ನು, ಜಾಯಿಂಟ್‌ಗಳು ಒಂದರ ಪಕ್ಕ ಒಂದು ಬಾರದ ಹಾಗೆ ಹಿಂದೆಮುಂದೆ ಬೆಸೆದು, ಒಳಗೆ ಅಂಟು ಸವರಿರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ತೊಡಿಸಿದೆ.

ಅಂದಹಾಗೆ, ನನ್ನ ಮುಂದಿನ ಪ್ರಯೋಗ ಬಿಲ್ಡಿಂಗ್ ಟ್ಯಾಂಕಿನ ನೀರಿನ ಮಟ್ಟ ಅಳೆಯುವುದು. ಟೆಫ್ಲಾನ್ ವೈರಿನ ಒಳಗಿನ ತಾಮ್ರ ಕೆಪ್ಯಾಸಿಟರಿನ ಒಂದು ಪ್ಲೇಟ್, ನೀರೇ ಇನ್ನೊಂದು. ನೀರು ಏರಿದಷ್ಟೂ ಕೆಪ್ಯಾಸಿಟೆನ್ಸ್ ಏರುತ್ತದೆ, 555 ಟೈಮರ್ ಚಿಪ್ ಅದನ್ನು ಫ್ರೀಕ್ವೆನ್ಸಿ ಮಾಡಿ ಕೊಡುತ್ತದೆ. ವೈರಿನ ತುದಿ ನೀರು ಹೋಗದಂತೆ ಮುಚ್ಚುವುದು ಹೇಗೆ, ಮಾಡಿದವರು ಹೇಳಿ.

ಸಿಲಿಂಡರಿಗೆ ಮರಳಿದರೆ, ಈಗ ಜೋರು ಮಳೆಯಲ್ಲೂ ರಾತ್ರಿಯಿಡೀ ರೀಡಿಂಗ್ 10 ಗ್ರಾಂ ಒಳಗೇ ಇದೆ. ಉಳಿದಿರುವುದು ನಿಜವಾದ ಕ್ರೀಪ್. 14.2 ಕೆಜಿ ತುಂಬಿದ ಹೊಸ ಸಿಲಿಂಡರ್ ಬಂದಾಗ ಹಲಗೆಯ ಮೇಲಿಟ್ಟು, ಒಲೆ ಹಚ್ಚದೆ ಎರಡು ಗಂಟೆ ಸುಮ್ನೆ ಬಿಟ್ಟು ನೋಡಬೇಕು. ಅಮ್ಮ ಒಪ್ಪಿದರೆ.