ತೇವಾಂಶದ ಕಾಲಂ ಖಾಲಿ ಇತ್ತು

ಬೀನ್ಸ್ ಟ್ರಯಲ್‌ನ ಆ ರಿವ್ಯೂ ಮೀಟಿಂಗ್ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ.

ಎಂಟು ಸುಧಾರಿತ ತಳಿ, ಮೂರು ರೆಪ್ಲಿಕೇಶನ್ (ಒಂದೊಂದು ತಳಿಗೂ ಮೂರು ಪ್ಲಾಟ್), ಜೊತೆಗೆ ಹೋಲಿಸಿ ನೋಡೋಕೆ ರೈತರೇ ಉಳಿಸಿಕೊಂಡು ಬಂದ ತಳಿ, ಅಂದರೆ ಲೋಕಲ್ ಚೆಕ್. ಸ್ಟ್ಯಾಂಡ್ ಕೌಂಟ್ (ಪ್ಲಾಟಿನಲ್ಲಿ ನಿಂತ ಗಿಡಗಳ ಲೆಕ್ಕ), ಅರ್ಧದಷ್ಟು ಗಿಡ ಹೂ ಬಿಟ್ಟ ದಿನ, ತುಕ್ಕು ರೋಗದ ಸ್ಕೋರ್ ಒಂದನ್ನೂ ಬಿಡದೆ ಬರೆದಿದ್ದೆ. ಬಾರ್ಡರ್ ಬಿಟ್ಟು ನಡುವಿನ ಎರಡು ಸಾಲನ್ನಷ್ಟೇ ಕೊಯ್ದೆವು. ಎಡವಿದ್ದು ಕೊನೆಗೆ. ಮೂರು ದಿನದಲ್ಲಿ ಇಳುವರಿ ಟೇಬಲ್ ಬೇಕು ಅಂತ ಮೇಲಿನಿಂದ ಫೋನ್ ಮೇಲೆ ಫೋನ್, ತೇವಾಂಶ ಅಳೆಯುವ ಮಾಯಿಶ್ಚರ್ ಮೀಟರ್ ನೋಡಿದರೆ ಇನ್ನೊಂದು ಸೈಟಿನಲ್ಲಿ. ಕಾಳು ಮುಟ್ಟಿ ನೋಡಿದೆ, ಒಣಗಿದೆ ಅನ್ನಿಸಿತು, ತೂಕ ಹಾಕಿಸಿಬಿಟ್ಟೆ.

ಐದನೇ ಎಂಟ್ರಿ, ಅಂದರೆ ಐದನೇ ತಳಿ, ಪ್ಲಾಟಿಗೆ ಸರಾಸರಿ 620 ಗ್ರಾಂ, ಚೆಕ್ 590. ಐದನೆಯದನ್ನೇ ಶಿಫಾರಸು ಮಾಡಿ ಸ್ಲೈಡ್ ಹಾಕಿದೆ.

ಹಿರಿಯರೊಬ್ಬರು ಕೇಳಿದರು, "ತೇವಾಂಶ ಎಷ್ಟಿತ್ತು?" ಖಾಲಿ ಅಂತ ಗೊತ್ತಿದ್ದೂ ಶೀಟ್ ತೆರೆದು ಆ ಕಾಲಂವರೆಗೆ ಸ್ಕ್ರೋಲ್ ಮಾಡಿದೆ, ಎಲ್ಲರೂ ಪರದೆಯನ್ನೇ ನೋಡುತ್ತಿದ್ದರು. "ಐದನೆಯದು ಎಷ್ಟು ದಿನ ತಡವಾಗಿ ಮಾಗಿತು?" ಹನ್ನೊಂದು ದಿನ. ಅದನ್ನು ಬರೆದವಳು ನಾನೇ, ಅದೇ ಶೀಟಿನಲ್ಲಿ, ಮೂರು ಕಾಲಂ ಈಚೆಗೆ. ತಡವಾಗಿ ಮಾಗಿದ್ದು ಹಸಿ ಇರುತ್ತದೆ ಅಲ್ವಾ, ಅಷ್ಟೂ ಹೊಳೆದಿರಲಿಲ್ಲ.

ಬೀಜ ಪರೀಕ್ಷೆಗೆ ಅಂತ ತೂಕದ ದಿನವೇ ಪ್ರತಿ ಪ್ಲಾಟಿನ ಸ್ಯಾಂಪಲ್ ಗಾಳಿಯಾಡದ ಡಬ್ಬಿಗೆ ಹಾಕಿಟ್ಟಿದ್ದು ಪುಣ್ಯ. ಮೀಟರ್ ತರಿಸಿ ನೋಡಿದರೆ ಐದನೆಯದು 19%, ಚೆಕ್ 12%. ಹೋಲಿಸೋಕೆ ಎರಡರ ತೂಕವನ್ನೂ ಲೆಕ್ಕದಲ್ಲಿ 14% ತೇವಾಂಶಕ್ಕೆ ತಂದಾಗ 620 ಇದ್ದದ್ದು 584ಕ್ಕೆ ಇಳಿಯಿತು, 590 ಇದ್ದದ್ದು 604 ಆಯಿತು. ನೀರು ತೂಗಿ ಅದನ್ನೇ ಇಳುವರಿ ಅಂದಿದ್ದೆ.

ಹಾಗಂತ ಲೋಕಲ್ ಗೆದ್ದಿತು ಅನ್ನೋಕೂ ಆಗಲ್ಲ, ವ್ಯತ್ಯಾಸ ಎಲ್‌ಎಸ್‌ಡಿ ಒಳಗೇ ಇತ್ತು, ಅಂದರೆ ನಿಜವಾದ ವ್ಯತ್ಯಾಸ ಅನ್ನೋಕೆ ಬೇಕಾದಷ್ಟು ದೊಡ್ಡದಲ್ಲ. ಆದರೆ ಐದನೆಯದು ಹೂ ಬಿಟ್ಟಿದ್ದೇ ರಾತ್ರಿ ಸೆಕೆ ಜಾಸ್ತಿ ಇದ್ದ ವಾರದಲ್ಲಿ. ರಾತ್ರಿ 20 ಡಿಗ್ರಿ ದಾಟಿತೆಂದರೆ ಬೀನ್ಸ್ ಹೂ ಉದುರಿಸಿಕೊಳ್ಳುತ್ತದೆ, ಸಾಲಿನ ನಡುವೆ ಬಿದ್ದ ಹೂವನ್ನು ನಾನೇ ಕಂಡಿದ್ದೆ. ಚೆಕ್‌ನಲ್ಲಿ ಅಷ್ಟು ಹೊತ್ತಿಗೆ ಕಾಯಿ ಕಟ್ಟಿ ಆಗಿತ್ತು. ಈ ಜಾಗಕ್ಕೆ ಯಾವುದು ಹೊಂದುತ್ತದೆ ಅನ್ನುವ ಪ್ರಶ್ನೆಗೆ ಆ ಉದುರಿದ ಹೂವೇ ಅರ್ಧ ಉತ್ತರ ಕೊಟ್ಟಿತ್ತು, ಅದು ನನ್ನ ಸ್ಲೈಡಿನಲ್ಲಿ ಇರಲೇ ಇಲ್ಲ.

ಶಿಫಾರಸು ವಾಪಸ್ ತೆಗೆದುಕೊಂಡೆ. ಇನ್ನೊಂದು ಸೀಸನ್ ಅದೇ ಎಂಟ್ರಿಗಳನ್ನು ಮೂರೂ ಸೈಟಿನಲ್ಲಿ ಹಾಕಿದ್ದೇವೆ. ಮೂರಕ್ಕೂ ಮೀಟರ್ ಮಾತ್ರ ಈಗಲೂ ಒಂದೇ. ಎರಡನೆಯದು ಕೊಡಿ ಅಂತ ಎರಡು ಸಲ ಬರೆದಿದ್ದೇನೆ, ಕೊಯ್ಲಿಗೆ ಇನ್ನು ಆರು ವಾರ ಇದೆ.