ಕ್ವಾಸಿಕ್ರಿಸ್ಟಲ್ ಪಟ್ಟಿಗೆ ಹೈಡ್ರೋಜನ್ ಕುಡಿಸುವುದು

ಧಾರವಾಡದ ಲ್ಯಾಬುಗಳಲ್ಲಿ ಹೈಡ್ರೋಜನ್ ಪ್ರಾಜೆಕ್ಟ್ ಹಿಡಿಯುವ ಎಂ.ಎಸ್ಸಿ. ಹುಡುಗರಿಗೆ ಈ ಟಿಪ್ಪಣಿ. ಕ್ವಾಸಿಕ್ರಿಸ್ಟಲ್ ಅಂದರೆ ಪರಮಾಣುಗಳು ಕ್ರಮಬದ್ಧವಾಗಿದ್ದರೂ ಒಂದೇ ವಿನ್ಯಾಸ ಮರುಕಳಿಸದ ಘನ. ಮಿಶ್ರಲೋಹ: ಟೈಟಾನಿಯಂ 45, ಜಿರ್ಕೋನಿಯಂ 38, ನಿಕ್ಕಲ್ 17. ಇದು ಪರಮಾಣುಗಳ ಲೆಕ್ಕ, ತೂಕದ್ದಲ್ಲ. ಹೊಸಬರು ಎಡವುವುದೇ ಇಲ್ಲಿ. 10 ಗ್ರಾಂ ಗಟ್ಟಿಗೆ ಕ್ರಮವಾಗಿ 3.25, 5.24, 1.51 ಗ್ರಾಂ ತೂಗಿ.

ಆರ್ಗಾನ್‌ನಲ್ಲಿ ಆರ್ಕ್ (ಲೋಹ ಕರಗಿಸುವ ವಿದ್ಯುತ್ ಕಿಡಿ) ಹೊಡೆಯುವಾಗ ಮೊದಲು ಬೇರೊಂದು ಟೈಟಾನಿಯಂ ತುಂಡು ಕರಗಿಸಿ, ಉಳಿದ ಆಕ್ಸಿಜನ್ನನ್ನು ಅದು ಹೀರಲಿ. ಗಟ್ಟಿಯನ್ನು ನಾಲ್ಕೈದು ಸಲ ಮಗುಚಿ ಮತ್ತೆ ಕರಗಿಸಿ. ಆಮೇಲೆ ತಿರುಗುವ ತಾಮ್ರದ ಚಕ್ರದ ಮೇಲೆ ಚಿಮ್ಮಿಸಿದರೆ ತೆಳು ಪಟ್ಟಿ ಬರುತ್ತದೆ. ನಿಧಾನ ತಣಿದರೆ ಕ್ವಾಸಿಕ್ರಿಸ್ಟಲ್ ಬದಲು ಲೇವ್ಸ್ ಹಂತ ಎಂಬ ಸಾಮಾನ್ಯ ಸ್ಫಟಿಕ ರಚನೆ ತಲೆಯೆತ್ತುತ್ತದೆ. ಕ್ವಾರ್ಟ್ಜ್ ನಳಿಕೆಯಲ್ಲಿ ದ್ರವವನ್ನು ಹೆಚ್ಚು ಹೊತ್ತು ಇಡಬೇಡಿ, ಟೈಟಾನಿಯಂ ಅದನ್ನೇ ತಿನ್ನುತ್ತದೆ.

ಹೈಡ್ರೋಜನ್ ಕೂರುವುದು ನಾಲ್ಕು ಪರಮಾಣುಗಳ ನಡುವಿನ ಸಂದುಗಳಲ್ಲಿ. ಪ್ರತಿ ಲೋಹ ಪರಮಾಣುವಿಗೆ 1.7ರಷ್ಟು ಹೋಗಬಲ್ಲದು, ತೂಕದಲ್ಲಿ ಸುಮಾರು 2.5 ಶೇಕಡಾ. ಅಂದರೆ 1 ಗ್ರಾಂ ಪಟ್ಟಿಗೆ ಸುಮಾರು 300 ಮಿಲಿಲೀಟರ್ ಅನಿಲ. ಲ್ಯಾಂಥನಮ್–ನಿಕ್ಕಲ್ ಮಿಶ್ರಲೋಹಕ್ಕೆ 1.4 ಶೇಕಡಾ ಮಾತ್ರ.

ಪಟ್ಟಿಯಿಟ್ಟು ಮುಚ್ಚಿದ ಕೋಶದೊಳಗೆ ಅನಿಲ ಬಿಟ್ಟರೂ ಒತ್ತಡ ಇಳಿಯದಿದ್ದರೆ ಮೊದಲ ಅನುಮಾನ ಮೇಲ್ಮೈಯ ಆಕ್ಸೈಡ್ ಮೇಲೆ. ಅದನ್ನು ಕೆರೆದು ಪೆಲ್ಲೇಡಿಯಂ ಲೇಪಿಸಿ. ಹಾಗಂತ ಬಿಸಿ ವಿಪರೀತ ಏರಿಸಿದರೆ ರಚನೆಯೇ ಒಡೆದು ಸಾದಾ ಲೋಹ ಹೈಡ್ರೈಡ್ (ಲೋಹ–ಹೈಡ್ರೋಜನ್ ಸಂಯುಕ್ತ) ಆಗುತ್ತದೆ, ಎಕ್ಸ್‌ರೇಯಲ್ಲಿ ಗೊತ್ತಾಗುತ್ತದೆ.

ನಿಜವಾದ ತೊಡಕು ಹೊರತೆಗೆಯುವುದರಲ್ಲಿದೆ. ಬಂಧ ಬಲವಾದದ್ದು, ನೂರಾರು ಡಿಗ್ರಿ ಬೇಕು. ವಾಹನದ ಟ್ಯಾಂಕಿಗೆ ಇದು ಸದ್ಯ ದೂರದ ಮಾತು. ಹೈಡ್ರೋಜನ್ ಕುಡಿದ ಪಟ್ಟಿ ಪುಡಿಯಾಗುತ್ತದೆ. ಕೋಶ ತೆರೆಯುವಾಗ ಗಾಳಿಯನ್ನು ಒಳಗೆ ನಿಧಾನ ಬಿಡಿ, ಪುಡಿ ಹೊತ್ತಿಕೊಂಡೀತು.